ಬೆಳಕಿಗಿಂತ ಹೆಚ್ಚು ಬಾಗುವ ರೀಡಿಂಗು

ಗಾಳಿಯಿಂದ ಗಾಜಿಗೆ ಇಳಿದ ಬೆಳಕು ಎಷ್ಟು ಬಾಗುತ್ತದೆಂದು ಅಳೆಯಲು ಹೈಸ್ಕೂಲಿನಲ್ಲಿ ಬೇಕಾಗುವುದು ಒಂದು ಗಾಜಿನ ಚಪ್ಪಡಿ, ನಾಲ್ಕು ಗುಂಡುಸೂಜಿ, ಒಂದು ಕೋನಮಾಪಕ. ಬೆಳಕಿಗಿಂತಲೂ ಸಲೀಸಾಗಿ ಬಾಗುವ ಇನ್ನೊಂದು ವಸ್ತು ಅದೇ ಮೇಜಿನ ಮೇಲಿದ್ದರೂ ಪಠ್ಯಪುಸ್ತಕದಲ್ಲಿ ಅದರ ಸುದ್ದಿಯಿಲ್ಲ. ಅದು ರೆಕಾರ್ಡಿನಲ್ಲಿ ಬರೆಯುವ ರೀಡಿಂಗು. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5 ಎಂದು ಮೊದಲೇ ಗೊತ್ತಿರುವ ತರಗತಿಯಲ್ಲಿ ಅಳತೆಗಳೆಲ್ಲ ಆ ಕಡೆಗೇ ವಾಲುತ್ತವೆ. ಮದುವೆ ನಿಶ್ಚಯವಾದ ಮೇಲೆ ಜಾತಕ ಬರೆಸಿದ ಹಾಗೆ, ಮೂವತ್ತಾರಕ್ಕೆ ಮೂವತ್ತಾರು ಗುಣವೂ ಕೂಡಿಬರುತ್ತವೆ. ನನ್ನ ವಾದ ಇಷ್ಟೇ: ಈ ಪ್ರಯೋಗದಲ್ಲಿ ಚೂರೂ ತಪ್ಪದ ಉತ್ತರವನ್ನೇ ಮೊದಲು ಅನುಮಾನಿಸಬೇಕು.

ಲೆಕ್ಕ ಹಾಕಿ ನೋಡಿ. ಪತನ ಕೋನ 30 ಡಿಗ್ರಿ ಇದ್ದಾಗ 1.50 ಬರಬೇಕಾದರೆ ವಕ್ರೀಭವನ ಕೋನ 19.47 ಡಿಗ್ರಿ ಇರಬೇಕು. ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಅಷ್ಟು ಚಿಲ್ಲರೆ ಎಣಿಸಲು ಬರುವುದಿಲ್ಲ. 19 ಎಂದು ಓದಿದರೆ ಸೂಚ್ಯಂಕ 1.54, 20 ಎಂದರೆ 1.46. ಹೀಗಿದ್ದೂ 30, 45, 60 ಮೂರಕ್ಕೂ ತಪ್ಪದೆ 1.50 ಬಂದಿದ್ದರೆ, ಹುಡುಗ ಉತ್ತರದ ಮನೆಯಿಂದ ಹೊರಟು ಹಿಂದಕ್ಕೆ ನಡೆದಿದ್ದಾನೆ ಎಂದೇ ಅರ್ಥ. ಈ ವಿದ್ಯೆಗೆ ಪರಂಪರೆಯೂ ಉಂಟು. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಗಾಳಿಯಿಂದ ನೀರಿಗಿಳಿಯುವ ಬೆಳಕಿನ ಕೋಷ್ಟಕ ಕೊಟ್ಟ: 10ಕ್ಕೆ 8, 20ಕ್ಕೆ 15.5, 30ಕ್ಕೆ 22.5, ಹೀಗೆ ಸಾಗಿ 80ಕ್ಕೆ 50. ಪ್ರತಿ ಮೆಟ್ಟಿಲಿಗೂ ಏರಿಕೆ ಕರಾರುವಾಕ್ಕಾಗಿ ಅರ್ಧ ಡಿಗ್ರಿ ಇಳಿಯುತ್ತದೆ. ಕೋಷ್ಟಕ ಬಲು ಚೆಂದ. ಆದರೆ 80ಕ್ಕೆ ನೀರು ಕೊಡುವುದು ಸುಮಾರು 47.6 ಮಾತ್ರ. ಕೋನಗಳ ಸೈನುಗಳ ಅನುಪಾತವೇ ನಿಯಮವೆಂದು ಬಾಗ್ದಾದಿನ ಇಬ್ನ್ ಸಹ್ಲ್ ಕಂಡುಕೊಳ್ಳಲು 984ರ ಸುಮಾರಾಯಿತು. ಹಾಲೆಂಡಿನ ಸ್ನೆಲ್ ಮತ್ತೆ ಕಂಡುಕೊಂಡದ್ದು 1621ರಲ್ಲಿ.

ಹಾಗಾದರೆ ತಪ್ಪಿದವರೆಲ್ಲ ಸತ್ಯವಂತರೋ, ಸೂಜಿಯನ್ನು ಓರೆಯಾಗಿ ಚುಚ್ಚಿದ ಸೋಮಾರಿಗೂ ಹಾರ ಹಾಕಬೇಕೋ ಎಂದು ಮೇಷ್ಟರು ಕೇಳಬಹುದು. ಬೇಡ. ಪ್ರಾಮಾಣಿಕ ತಪ್ಪಿಗೆ ಒಂದು ಶಿಸ್ತಿದೆ. ಒಂದು ಡಿಗ್ರಿ ಎಡವಿದರೆ 30ರಲ್ಲಿ ಸೂಚ್ಯಂಕ 0.08ರಷ್ಟು ಅಲ್ಲಾಡುತ್ತದೆ, 60ರಲ್ಲಿ ಅದರ ಅರ್ಧದಷ್ಟು ಮಾತ್ರ. ನಿಜವಾಗಿ ಅಳೆದವನ ರೀಡಿಂಗು ಸಣ್ಣ ಕೋನಗಳಲ್ಲಿ ತೂರಾಡಿ ದೊಡ್ಡ ಕೋನಗಳಲ್ಲಿ ನೆಟ್ಟಗಾಗುತ್ತದೆ. ಸೋಮಾರಿಯದು ಎಲ್ಲೆಂದರಲ್ಲಿ ಮುಗ್ಗರಿಸುತ್ತದೆ. ಗೊತ್ತಿರುವುದನ್ನು ಅಳೆಯುವುದೇಕೆ ಎನ್ನುವುದು ಇನ್ನೂ ಗಟ್ಟಿ ಆಕ್ಷೇಪ. ಆದರೆ ಗೊತ್ತಿದೆ ಎಂಬ ಭ್ರಮೆಯೇ ಇಲ್ಲಿ ಕೈಕೊಡುತ್ತದೆ. ಸಾಂದ್ರತೆ ಹೆಚ್ಚಿದ್ದರೆ ಬೆಳಕು ಹೆಚ್ಚು ಬಾಗುತ್ತದೆಂದು ಬಾಯಿಪಾಠ ಮಾಡಿದವರು, ನೀರಿನ ಮೇಲೆ ತೇಲುವ ಸೀಮೆಎಣ್ಣೆಗೆ ಕಡಿಮೆ ಅಂಕ ಕೊಟ್ಟುಬಿಡುತ್ತಾರೆ. ನೀರಿನದು 1.33, ಸೀಮೆಎಣ್ಣೆಯದು 1.44. ತೂಕದ ಸಾಂದ್ರತೆಗೂ ಬೆಳಕಿನ ಲೆಕ್ಕದ ಸಾಂದ್ರತೆಗೂ ನಂಟು ಕಡ್ಡಾಯವಲ್ಲ ಎಂಬುದು ಅಳೆದವರಿಗಷ್ಟೇ ಸಿಗುವ ಬಹುಮಾನ.

ಇಷ್ಟರ ಮೇಲೂ ಪರೀಕ್ಷೆಯೆಂದ ಮೇಲೆ ಅಂಕ ಕೊಡಲೇಬೇಕಲ್ಲ ಎಂದರೆ ಉಪಾಯ ಸುಲಭ. ಅರ್ಧವೃತ್ತದ ಪಾರದರ್ಶಕ ಬಟ್ಟಲುಗಳಲ್ಲಿ ಒಂದು ಬೆಂಚಿಗೆ ನೀರು, ಮುಂದಿನದಕ್ಕೆ ಬಿಳಿ ಸೀಮೆಎಣ್ಣೆ, ಅದರಾಚೆಗೆ ಟರ್ಪೆಂಟೈನ್ ಇಟ್ಟು, ಚೀಟಿ ಅಂಟಿಸದೆ ಬಿಡಿ. ಮೂಗು ಗುಟ್ಟು ಒಡೆದರೂ ಅಂಕಿ ಹೇಳಲಾರದು. ಪಕ್ಕದವರ ರೆಕಾರ್ಡಿಗೆ ಕತ್ತು ಚಾಚಿದವನು ಸೀಮೆಎಣ್ಣೆಗೆ 1.33 ಬರೆದು, ಯಾರೂ ಹಿಡಿಯದೆ ತಾನೇ ಸಿಕ್ಕಿಬೀಳುತ್ತಾನೆ.