ಮೂಲೆ ತೆಗೆಯುವ ಉಗುರಣ್ಣ

ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲು ಮಾರಾಟವಾಗುವ ತನಕ ರೈತರಿಗೆ ಕಾಯುವುದೇ ಕೆಲಸ. ಕಾಯುವ ಜನ ಇದ್ದಲ್ಲಿ ಉಗುರಣ್ಣ ಇದ್ದೇ ಇರುತ್ತಾನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿಯ ಟೀ ಅಂಗಡಿ ಬೆಂಚಿನ ಮೇಲೂ ಸಿಗುವ ಆಸಾಮಿ ಇವನು. ಯಾರಾದರೂ ಕೊಂಚ ಕುಂಟಿದರೆ ಸಾಕು, "ತತ್ತಾ ಇಲ್ಲಿ ಕಾಲ, ನೋಡನ" ಎಂದು ಹೆಬ್ಬೆರಳು ಹಿಡಿದೇಬಿಡುತ್ತಾನೆ. ಜೇಬಿನಲ್ಲಿ ಅರ್ಧ ಬ್ಲೇಡು, ಉಡಿದಾರದಲ್ಲಿ ಪಿನ್ನು. ಬೆಂಕಿಕಡ್ಡಿ ಗೀರಿ ಪಿನ್ನಿನ ತುದಿಗೆ ತೋರಿಸಿದನೆಂದರೆ ಆಪರೇಷನ್ ಥಿಯೇಟರು ಸಿದ್ಧ. ಮಾಂಸಕ್ಕೆ ನಾಟಿದ ಉಗುರಿನ ಮೂಲೆಯನ್ನು ಕಿತ್ತು ಅಂಗೈ ಮೇಲಿಟ್ಟು ಸುತ್ತಲಿದ್ದವರಿಗೆಲ್ಲ ತೋರಿಸುತ್ತಾನೆ. ಫೀಸು ಒಂದು ಟೀ.

ಅವನ ಚಿಕಿತ್ಸೆಯಿಂದ ನೋವು ಹೋಗುವುದು ನಿಜ, ಅಪಾಯ ಇರುವುದೂ ಅಲ್ಲೇ. ಮಾಂಸಕ್ಕೆ ಚುಚ್ಚುತ್ತಿದ್ದ ತುದಿ ಹೋದ ರಾತ್ರಿ ರೋಗಿ ನೆಮ್ಮದಿಯಾಗಿ ಮಲಗುತ್ತಾನೆ, ಬೆಳಿಗ್ಗೆ ಉಗುರಣ್ಣನ ಕೈಗುಣವನ್ನು ಊರಿಗೆಲ್ಲ ಸಾರುತ್ತಾನೆ. ಆದರೆ ಬ್ಲೇಡು ಕೊನೆಯವರೆಗೆ ಹೋಗುವುದಿಲ್ಲ. ಅಂಚಿನಲ್ಲಿ ಒಂದು ಸಿಬಿರು ಉಳಿಯುತ್ತದೆ. ಮೇಲೆ ಒತ್ತಿ ಹಿಡಿಯುವ ಉಗುರಿಲ್ಲದ್ದರಿಂದ ಪಕ್ಕದ ಮಾಂಸ ಉಬ್ಬಿ ದಾರಿಗೆ ಅಡ್ಡ ನಿಲ್ಲುತ್ತದೆ. ಕಾಲುಗುರು ಬೆಳೆಯುವುದು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್. ಅಷ್ಟು ನಿಧಾನವಾಗಿ ಬಂದ ಸಿಬಿರು ವಾರಗಳ ನಂತರ ಆ ಮಾಂಸಕ್ಕೆ ನಾಟಿದಾಗ, ಇದು ಹಳೆಯ ಚಿಕಿತ್ಸೆಯ ಫಲ ಎಂದು ಯಾರಿಗೆ ಹೊಳೆಯಬೇಕು? ರೋಗಿ ಮತ್ತೆ ಅದೇ ಬೆಂಚಿಗೆ ಬರುತ್ತಾನೆ. ಉಗುರಣ್ಣನ ಗಿರಾಕಿಗಳಲ್ಲಿ ಎಷ್ಟೋ ಮಂದಿಯನ್ನು ತಯಾರು ಮಾಡಿದವನು ಉಗುರಣ್ಣನೇ.

ಇದಕ್ಕೆ ಅವನಲ್ಲಿ ಉತ್ತರಗಳಿವೆ. "ನಮ್ಮಪ್ಪ ಬರಿಗಾಲಲ್ಲೇ ಗೇದ, ಅವನಿಗೆಲ್ಲಿತ್ತು ಈ ಕಾಯಿಲೆ? ಎಲ್ಲಾ ಬೂಟಿಂದ ಕಣಪ್ಪ." ಅರ್ಧ ಒಪ್ಪೋಣ: ಮದುವೆಗೆಂದು ಕೊಂಡ ಚೂಪುಮೂತಿಯ ಶೂ ಬೆರಳನ್ನು ಹಿಂಡುತ್ತದೆ. ಉಳಿದರ್ಧ ಉಗುರು ಕತ್ತರಿಸುವ ಚಾಳಿಯಲ್ಲಿದೆ, ಕಲ್ಲು ಎಡವಿದ ಪೆಟ್ಟಿನಲ್ಲಿದೆ. ಮಾಂಸದವರೆಗೆ ಕತ್ತರಿಸಿ ಮೂಲೆ ದುಂಡಗೆ ಮಾಡುವ ಬದಲು ನೇರವಾಗಿ ಕತ್ತರಿಸಿ, ಎರಡೂ ಮೂಲೆ ಹೊರಗೆ ಕಾಣುವಂತೆ ಬಿಡಬೇಕು. ಉಗುರಿನ ನಡುವೆ ಕಚ್ಚು ಹಾಕಿದರೆ ಅಂಚು ಮಾಂಸ ಬಿಟ್ಟು ನಡುವಿಗೆ ಸರಿಯುತ್ತದೆ ಎಂಬುದು ಅವನ ಇನ್ನೊಂದು ಸಿದ್ಧಾಂತ. ಉಗುರು ಬೆಳೆಯುವುದು ಬುಡದಿಂದ. ತುದಿಯಲ್ಲಿ ಹಾಕಿದ ಕಚ್ಚು ಬುಡಕ್ಕೆ ತಿಳಿಯುವುದೇ ಇಲ್ಲ. ಇನ್ನು, ಉಗುರುಸುತ್ತಿಗೆ ಕೈಬೆರಳಿಗೆ ತೊಡಿಸುವ ನಿಂಬೆಹಣ್ಣನ್ನು ಕಾಲಿಗೂ ತೊಡಿಸುತ್ತಾನೆ. ನಾಟಿದ ಉಗುರನ್ನು ನಿಂಬೆ ಎತ್ತುವುದಿಲ್ಲ, ಟೊಪ್ಪಿಗೆಯಂತೆ ಕೂತಿರುತ್ತದೆ ಅಷ್ಟೆ.

ಅಂಚು ಕೆಂಪಾಗಿ ಊದಿ, ಮುಟ್ಟಿದರೆ ನೋಯುವ ಹಂತದಲ್ಲಿ ಮನೆಮದ್ದಿಗೆ ಅವಕಾಶವಿದೆ. ದಿನಕ್ಕೆ ಮೂರ್ನಾಲ್ಕು ಸಲ 15-20 ನಿಮಿಷ ಬೆಚ್ಚನೆ ನೀರಲ್ಲಿ ಕಾಲಿಟ್ಟು, ಚೆನ್ನಾಗಿ ಒರೆಸಿ, ಮೂಲೆಯ ಕೆಳಗೆ ಶುದ್ಧ ಹತ್ತಿಯ ಎಳೆ ಸೇರಿಸಿ, ಬಾಯ್ತೆರೆದ ಚಪ್ಪಲಿ ಹಾಕಿದರೆ ಎಷ್ಟೋ ಸಲ ಇಳಿಯುತ್ತದೆ. ಕೆಲವು ದಿನಗಳಲ್ಲಿ ಇಳಿಯದಿದ್ದರೆ, ಕೀವು ಕಟ್ಟಿದರೆ, ಅಥವಾ ಮುಟ್ಟಿದರೆ ರಕ್ತ ಜಿನುಗುವ ಹಸಿಮಾಂಸ ಬೆಳೆದರೆ ಡಾಕ್ಟರೇ ಬೇಕು. "ಅಲ್ಲಿ ಇಡೀ ಉಗುರು ಕೀಳ್ತಾರೆ" ಎಂದು ಉಗುರಣ್ಣ ಹೆದರಿಸುತ್ತಾನೆ. ಸಾಮಾನ್ಯವಾಗಿ ಮಾಡುವುದು ಅದಲ್ಲ: ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನಾಟಿದ ಪಕ್ಕದ ಪಟ್ಟಿಯನ್ನಷ್ಟೇ ತೆಗೆದು, ಆ ಪಟ್ಟಿ ಮತ್ತೆ ಬೆಳೆಯದಂತೆ ಬುಡಕ್ಕೆ ಫೀನಾಲ್ ಹಚ್ಚುತ್ತಾರೆ. ಅದೇ ದಿನ ಮನೆಗೆ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಮನೆಮದ್ದಿನ ಮಾತೇ ಬೇಡ. ಕಾಲಿನ ಸ್ಪರ್ಶ ಮಂದವಾಗಿ ರಕ್ತದ ಓಡಾಟವೂ ಕುಗ್ಗಿದವರಿಗೆ ಪಿನ್ನಿನ ಗಾಯ ಮಾಯದೆ ಬೆರಳನ್ನೇ ಕಳೆಯಬಹುದು. ಅಂಥವರು ಮೊದಲ ದಿನವೇ ಹುಣಸೂರಿನ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ. ಉಗುರಣ್ಣನಿಗೂ ಸಕ್ಕರೆ ಇದ್ದರೆ ಅವನನ್ನೂ ಕರೆದುಕೊಂಡು ಹೋಗಿ, ಪಿನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಿ.