ರಾಣಿಬಾಗಿನ ಪೆಂಗ್ವಿನ್ ಸಂದರ್ಶನ ಕೊಟ್ಟಾಗ

ಬೈಕುಲ್ಲಾ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ, ಅಂದರೆ ಮುಂಬಯಿಗರ ರಾಣಿಬಾಗ್. ಹೊರಗೆ ಮೇ ತಿಂಗಳ ಸೆಕೆ, ಗಾಜಿನಾಚೆ 16ರಿಂದ 18 ಡಿಗ್ರಿ. ಎತ್ತಿ ಹಿಡಿದ ಮೊಬೈಲುಗಳ ನಡುವೆ ತೂರಿಕೊಂಡು ಕನ್ನಡ ಪತ್ರಿಕೆಯ ವರದಿಗಾರ ಗಾಜಿನ ಬಳಿಗೆ ಬಂದ. ಅಲ್ಲಿದ್ದ ಹಿರಿಯ ಹಂಬೋಲ್ಟ್ ಪೆಂಗ್ವಿನ್ ಒಂದೇ ಷರತ್ತು ಹಾಕಿತು: ಹೆಸರು ಹಾಕಬಾರದು.

"ಹೆಸರಿನ ತಂಟೆ ಸಾಕಾಗಿದೆ ಮಾರಾಯ್ರೆ. 2025ರಲ್ಲಿ ಹುಟ್ಟಿದ ಮರಿಗಳಿಗೆ ಇಂಗ್ಲಿಷ್ ಹೆಸರಿಟ್ಟರೆಂದು ಬಿಜೆಪಿಯವರು ಪ್ರತಿಭಟನೆ ಮಾಡಿದರು. ಮುಂಬಯಿಯಲ್ಲಿ ಹುಟ್ಟಿದ್ದಕ್ಕೆ ಮರಾಠಿ ಹೆಸರೇ ಬೇಕಂತೆ. ಮರಿಗಳು ಮೀನು ಕೇಳುತ್ತಿದ್ದವು."

ದುಡ್ಡಿದ್ದವರು ಈಗ ಕ್ರೂಸ್ ಹಡಗು ಹತ್ತಿ ಅಂಟಾರ್ಕ್ಟಿಕಾದವರೆಗೆ ನಿಮ್ಮ ಬಳಗವನ್ನು ನೋಡಲು ಹೋಗುತ್ತಾರಲ್ಲ ಎಂದು ವರದಿಗಾರ ಕೆಣಕಿದ.

"ಹೋಗಲಿ ಬಿಡಿ. ಅಲ್ಲಿ ಐದು ಮೀಟರ್ ದೂರ ನಿಲ್ಲಬೇಕು. ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಾದರೆ ದಡಕ್ಕೆ ಕಾಲಿಡುವ ಮಾತೇ ಇಲ್ಲ, ಡೆಕ್ಕಿನಿಂದಲೇ ನೋಡಿ ತಿರುಗಿ ಬರಬೇಕು. ಇಲ್ಲಿ ಭಾನುವಾರ ಬನ್ನಿ, ಗಾಜಿಗೆ ಮೂಗು ಒತ್ತಿ ನಿಂತವರ ಹಲ್ಲು ಎಣಿಸಬಹುದು. ಟಿಕೆಟ್ ದೊಡ್ಡವರಿಗೆ 50 ರೂಪಾಯಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಟ್ಟಿಗೆ ಬಂದರೆ 100."

ಮೊದಲು ಐದೇ ರೂಪಾಯಿ ಇತ್ತಲ್ಲ?

"ನಾವು ಬಂದ ಮೇಲೆ, 2017ರಲ್ಲಿ ಏರಿಸಿದರು. ಎ.ಸಿ. ನಮಗೆ, ಬಿಲ್ಲು ನಿಮಗೆ."

ಆ ಎ.ಸಿ.ಯ ಕಾರಣದಿಂದಲೇ ಜನ ಇವರನ್ನು ಹಿಮದವರೆಂದು ತಿಳಿಯುತ್ತಾರೆ. ಹಂಬೋಲ್ಟ್ ಪೆಂಗ್ವಿನ್‌ಗಳ ಊರು ಪೆರು ಮತ್ತು ಚಿಲಿಯ ಒಣ ಕರಾವಳಿ. ಅಲ್ಲಿ ದಡ ಮರುಭೂಮಿ, ನೀರು ಮಾತ್ರ ತಣ್ಣಗೆ. ಹಕ್ಕಿಗಳ ಹಿಕ್ಕೆ ಶತಮಾನಗಳಿಂದ ಗಟ್ಟಿಯಾಗಿ ಕೂತ ಗುವಾನೋ ಪದರದಲ್ಲಿ ಬಿಲ ತೋಡಿ ಅವು ಮೊಟ್ಟೆಯಿಡುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಹೊಲಗಳಿಗೆ ಗೊಬ್ಬರವಾಗಿ ಅದನ್ನು ಅಗೆದು ಸಾಗಿಸಿದರು.

"ಮೊದಲು ನಮ್ಮ ಮನೆ ಹಡಗು ಹತ್ತಿತು. ಪ್ರವಾಸಿಗರ ಹಡಗು ಆಮೇಲೆ ಬಂತು," ಎಂದಿತು ಪೆಂಗ್ವಿನ್. "ಈಗ ಪೆರುವಿನ ಬಯೆಸ್ತಾಸ್ ದ್ವೀಪಗಳಿಗೆ ದೋಣಿ ಬರುತ್ತದೆ, ಸುತ್ತು ಹಾಕುತ್ತದೆ, ಯಾರನ್ನೂ ಇಳಿಸುವುದಿಲ್ಲ. ಎಲ್ ನಿನೊ ವರ್ಷ ನೀರು ಬಿಸಿಯಾಗಿ ಮೀನು ದೂರ ಸರಿದರೆ ನಾವೂ ಕಾಣುವುದು ಕಡಿಮೆ."

ಹಾಗಾದರೆ ನೀವು ಪೆರುವಿನಿಂದ ಬಂದವರೇ?

"ಸೋಲ್‌ನಿಂದ! 2016ರ ಜುಲೈಯಲ್ಲಿ ವಿಮಾನದಲ್ಲಿ ಎಂಟು ಜನ ಬಂದೆವು. ಅಕ್ಟೋಬರಿನಲ್ಲಿ ಒಬ್ಬಳು ತೀರಿಕೊಂಡಳು. 2018ರ ಆಗಸ್ಟ್ 15ರಂದು ಮೊದಲ ಮರಿ ಹುಟ್ಟಿತು, ಊರೇ ಸಂಭ್ರಮಿಸಿತು. ವಾರದೊಳಗೆ ಅದೂ ಹೋಯಿತು." ಪೆಂಗ್ವಿನ್ ತುಸು ಹೊತ್ತು ಮಾತಾಡಲಿಲ್ಲ. 2021ರಿಂದ ಈಚೆಗೆ ಸಂಸಾರ ಬೆಳೆದಿದೆ. ಹೊರಗೆ ಮಾತ್ರ ಶಿವಸೇನೆಯ ಎದುರಾಳಿಗಳಿಗೆ ಪೆಂಗ್ವಿನ್ ತರಿಸಲು ಮುಂದಾಗಿದ್ದ ಆ ಪಕ್ಷದ ನಾಯಕ ಆದಿತ್ಯ ಠಾಕ್ರೆಯವರನ್ನು ಚುಚ್ಚಲು ಈ ಹಕ್ಕಿಯ ಹೆಸರೇ ಬೇಕಾಯಿತು. ಮತದಾರರ ಪಟ್ಟಿಯಲ್ಲಿ ಇಲ್ಲದ ಜೀವಿಯೊಂದು ಇಷ್ಟು ಪ್ರಚಾರ ಮಾಡಿದ್ದು ಈ ಊರಲ್ಲೇ ಇರಬೇಕು.

ಬಲ್ಲಾರ್ಡ್ ಪಿಯರಿನಲ್ಲಿ ಇಳಿಯುವ ವಿದೇಶಿ ಕ್ರೂಸ್ ಪ್ರಯಾಣಿಕರಿಗೆ ನಿಮ್ಮ ಕರೆ ಏನು ಎಂದು ವರದಿಗಾರ ಕೇಳಿದ. ಪೆಂಗ್ವಿನ್ ರೆಕ್ಕೆ ಕೊಡವಿ ಏಜೆಂಟನ ಧಾಟಿ ಹಿಡಿಯಿತು.

"ಅವರೆಲ್ಲ ಎಲಿಫೆಂಟಾ ದ್ವೀಪಕ್ಕೆ ಓಡುತ್ತಾರೆ. ಗುಹೆ ನೋಡಲಿ, ಸಂತೋಷ. ಆದರೆ ಪೋರ್ಚುಗೀಸರು ಯಾವ ಕಲ್ಲಾನೆ ನೋಡಿ ಆ ಹೆಸರಿಟ್ಟರೋ ಅದು ಇರುವುದು ನಮ್ಮ ಪಕ್ಕದ ಭಾವು ದಾಜಿ ಲಾಡ್ ಮ್ಯೂಸಿಯಂ ಅಂಗಳದಲ್ಲಿ. 1864ರಲ್ಲಿ ಇಂಗ್ಲೆಂಡಿಗೆ ಒಯ್ಯಲು ಎತ್ತುವಾಗ ಬಿದ್ದು ಒಡೆಯಿತು, ಚೂರು ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ. ಕಾಲಾ ಘೋಡಾ ಎಂಬ ಬಡಾವಣೆಗೆ ಹೆಸರು ಕೊಟ್ಟ ಕಪ್ಪು ಕುದುರೆ, ಬೆನ್ನ ಮೇಲಿನ ಏಳನೇ ಎಡ್ವರ್ಡ್ ದೊರೆಯ ಸಮೇತ, 1965ರಿಂದ ನಮ್ಮ ತೋಟದಲ್ಲಿದೆ. ಈಗ ನಾವು. ದ್ವೀಪಗಳನ್ನು ಸುತ್ತಿ ಸುಸ್ತಾಗುವ ಬದಲು ಒಂದು ಟ್ಯಾಕ್ಸಿ ಹಿಡಿದು ಬೈಕುಲ್ಲಾಕ್ಕೆ ಬರಲಿ."

ಒಂದು ಸೂಚನೆಯನ್ನು ಸ್ಪಷ್ಟವಾಗಿ ಅಚ್ಚು ಹಾಕಿ ಎಂದೂ ಅದು ಹೇಳಿತು: ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ, ರಾಣಿಬಾಗಿಗೆ ಬುಧವಾರ. ಮಂಗಳವಾರ ಬಂದಿಳಿಯುವ ಹಡಗಿನವರಿಗೆ ಎರಡೂ ಸಿಗುತ್ತವೆ.