ಠಾಣೆಯ ನೋಟಿಸ್ ಬೋರ್ಡ್ ಸಾಹೇಬರಲ್ಲಿ ಒಂದು ಬಿನ್ನಹ

ಪೊಲೀಸ್ ಠಾಣೆಯ ಪಡಸಾಲೆಯಲ್ಲಿ ಹಗಲಿರುಳು ಡ್ಯೂಟಿ ಮೇಲಿರುವ, ರಜೆ ಕೇಳದ, ವರ್ಗಾವಣೆಗೆ ಅಂಜದ ಸನ್ಮಾನ್ಯ ನೋಟಿಸ್ ಬೋರ್ಡ್ ಸಾಹೇಬರಿಗೆ,

ವಿಜಯಪುರದ ಒಬ್ಬ ಸಾಮಾನ್ಯ ನಾಗರಿಕನ ಸಾಷ್ಟಾಂಗ ನಮಸ್ಕಾರಗಳು. ಈ ಕಡೆ ನಾವೆಲ್ಲ ಕ್ಷೇಮ. ತಮ್ಮ ಕಡೆಯ ಕ್ಷೇಮಸಮಾಚಾರ ಆಗಾಗ ಬರೆಯುತ್ತಿರಬೇಕು ಎಂದು ವಾಡಿಕೆಯಂತೆ ಕೇಳುತ್ತಿದ್ದೆ, ಆದರೆ ತಾವು ಬರೆಯುವವರಲ್ಲ ಎಂಬುದು ಊರಿಗೇ ಗೊತ್ತು.

ತಾವು ಯಾವ ಠಾಣೆಯವರು ಎಂದು ಇಲ್ಲಿ ಹೇಳುವುದಿಲ್ಲ. ನಗರದೊಳಗೆ ತಮ್ಮ ಬಳಗ ದೊಡ್ಡದು, ತಿಕೋಟಾ, ಬಬಲೇಶ್ವರದ ಕಡೆಗೂ ಬೀಗರು ನೆಂಟರು ಇದ್ದಾರೆ. ಒಬ್ಬರ ಹೆಸರು ಎತ್ತಿ ಉಳಿದವರ ಮನಸ್ಸು ನೋಯಿಸುವುದು ಶಿಷ್ಟಾಚಾರವಲ್ಲ.

ತಮ್ಮ ದರ್ಶನಭಾಗ್ಯ ನನಗೆ ಧಾರಾಳವಾಗಿ ಸಿಕ್ಕಿದೆ. ಒಳಗಿನಿಂದ ಯಾರೂ ಕರೆಯದ ಕಾರಣ ತಮ್ಮೆದುರು ನಿಂತು ಓದಿದ್ದೆಲ್ಲ ಈಗ ಬಾಯಿಪಾಠ. ಮೇಲೆ ಎಡಕ್ಕೆ, ಸೈಬರ್ ವಂಚನೆಯಾದರೆ 1930ಕ್ಕೆ ಫೋನ್ ಮಾಡಿ ಎಂಬ ಭಿತ್ತಿಪತ್ರ. ಅದರ ಕೆಳಗೆ ಗಣೇಶ ಹಬ್ಬದ ಶಾಂತಿ ಸಭೆಯ ಕರೆ. ಆ ಗಣಪ್ಪ ನೀರು ಸೇರಿದ ಮೇಲೆ ಎಷ್ಟು ಹಬ್ಬ ಕಳೆದವೋ. ನಡುವೆ ಕಾಣೆಯಾದ ಒಬ್ಬ ಹಿರಿಯರ ಫೋಟೊ, ಬಿಸಿಲಿಗೆ ಎಷ್ಟು ಮಾಸಿದೆ ಎಂದರೆ ಅವರೇ ಬಂದು ಪಕ್ಕದಲ್ಲಿ ನಿಂತರೂ ಗುರುತು ಹತ್ತಲಿಕ್ಕಿಲ್ಲ. ಬಲಕ್ಕೆ ಅಧಿಕಾರಿಗಳ ಪಟ್ಟಿ, ವರ್ಗವಾದವರ ಹೆಸರಿಗೆ ವೈಟ್ನರ್ ಬಳಿದಿದೆ, ಬಂದವರ ಹೆಸರು ಇನ್ನೂ ಬಂದಿಲ್ಲ. ಗಾಜಿನ ಕದಕ್ಕೊಂದು ಪುಟ್ಟ ಕೀಲಿ. ಕೀಲಿಕೈ ಯಾರ ಹತ್ತಿರ ಎಂದು ಕೇಳಿದರೆ, “ಹಿಂದಿನ ಸಾಹೇಬ್ರು ಇದ್ದಾಗ ಇತ್ರಿ” ಎಂದರು. ಇಷ್ಟೆಲ್ಲ ಓದಲು ಕೊಟ್ಟದ್ದಕ್ಕೆ ನಾನು ಋಣಿ. ಕಾನೂನು ತಮ್ಮ ಮೈಮೇಲೆ ಇರಲೇಬೇಕು ಎಂದು ಹೇಳಿದ್ದು ಮಾತ್ರ ಬೇರೆ ಒಂದು ಹಾಳೆ: ಇಲ್ಲಿ ಯಾರನ್ನು ಬಂಧಿಸಿದ್ದಾರೆ, ಅವರು ಎಲ್ಲಿಯವರು, ಯಾವ ಅಪರಾಧದ ಮೇಲೆ. ಅದೊಂದಕ್ಕೆ ಜಾಗ ಸಾಲಲಿಲ್ಲ.

ಸಾಹೇಬರೇ, ತಮ್ಮದು ಸಾಮಾನ್ಯ ಮನೆತನವಲ್ಲ, ಸುಪ್ರೀಂ ಕೋರ್ಟಿನಲ್ಲಿ ಹುಟ್ಟಿದ ವಂಶ. 1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಡಿ.ಕೆ. ಬಸು ಎಂಬವರು, ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷರು, ಲಾಕಪ್ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. (ಪತ್ರಕ್ಕೆ ಅಷ್ಟು ಮರ್ಯಾದೆ ಇದ್ದ ಕಾಲ. ನನ್ನದಕ್ಕೆ ಒಂದು ಸ್ವೀಕೃತಿ ಮೊಹರು ಬಿದ್ದರೂ ಸಾಕು.) 1996ರ ಡಿಸೆಂಬರ್ 18ರಂದು ಹೊರಬಿದ್ದ ತೀರ್ಪಿನಲ್ಲಿ ಹನ್ನೊಂದು ಕಟ್ಟಳೆಗಳಿವೆ. ಹನ್ನೊಂದನೆಯದು ತಮ್ಮ ಜಾತಕ: ಬಂಧಿಸಿದ 12 ಗಂಟೆಯೊಳಗೆ ಬಂಧನದ ವಿವರ, ಇಟ್ಟ ಜಾಗದ ವಿವರ ಕಂಟ್ರೋಲ್ ರೂಮಿಗೆ ತಲುಪಬೇಕು, ಅಲ್ಲಿ ಎದ್ದು ಕಾಣುವ ನೋಟಿಸ್ ಬೋರ್ಡಿನ ಮೇಲೆ ಹಾಕಬೇಕು. ಪಾಲಿಸದವರಿಗೆ ಇಲಾಖಾ ಕ್ರಮದ ಜೊತೆ ನ್ಯಾಯಾಂಗ ನಿಂದನೆಯ ಶಿಕ್ಷೆಯೂ ಉಂಟು.

ಆಮೇಲೆ ಸಿಆರ್‌ಪಿಸಿಗೆ 41ಸಿ ಕಲಮು ಸೇರಿತು. ಅದು ಜಾರಿಗೆ ಬಂದದ್ದು 2010ರ ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನ. ಬಂಧಿತರ ಹೆಸರು, ವಿಳಾಸದ ಜೊತೆಗೆ ಬಂಧಿಸಿದ ಅಧಿಕಾರಿಯ ಹೆಸರು, ಹುದ್ದೆಯೂ ಬೋರ್ಡಿನ ಮೇಲೆ ಇರಬೇಕು ಎಂದಿತ್ತು. ನಾಲ್ಕು ವರ್ಷದ ಮೇಲೆ ಅದೇ ದಿನ ಬಿಜಾಪುರ ವಿಜಯಪುರವಾಯಿತು. ಊರಿನ ಅಂಗಡಿ, ಬಸ್ಸು, ಕಚೇರಿ, ಶಾಲೆ ಎಲ್ಲದರ ಬೋರ್ಡೂ ಹೊಸದಾಗಿ ಬರೆಸಿಕೊಂಡವು. ತಾವು ಮಾತ್ರ ವ್ರತಭಂಗ ಮಾಡಲಿಲ್ಲ.

2024ರ ಜುಲೈ 1ರಿಂದ ಸಿಆರ್‌ಪಿಸಿಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅದರ 37ನೇ ಕಲಮು ತಮಗೆ ಬಡ್ತಿ ಕೊಟ್ಟಿದೆ. ಮೊದಲು ಜಿಲ್ಲಾ ಕಂಟ್ರೋಲ್ ರೂಮಿನ ಮುಂದೆ ಮಾತ್ರ ಇರಬೇಕಾಗಿದ್ದ ಪಟ್ಟಿ ಈಗ ಪ್ರತಿ ಠಾಣೆಯಲ್ಲೂ ಇರಬೇಕು. ಅದನ್ನು ನೋಡಿಕೊಳ್ಳಲು ಎಎಸ್‌ಐ ದರ್ಜೆಗೆ ಕಡಿಮೆಯಲ್ಲದ ಒಬ್ಬ ಅಧಿಕಾರಿಯನ್ನು ಹೆಸರಿಸಿರಬೇಕು. ಹಾಳೆಯ ಮೇಲೋ ಪರದೆಯ ಮೇಲೋ, ಎದ್ದು ಕಾಣಬೇಕು. ತಿಕೋಟಾದವರು, ಬಬಲೇಶ್ವರದವರು ಬರೀ ಒಂದು ಹೆಸರು ಹುಡುಕಲು ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬರಬೇಕಾಗಿಲ್ಲ. ಬಂಧಿಸಿದ ಅಧಿಕಾರಿಯ ಹೆಸರಿನ ಮಾತು ಹೊಸ ಕಲಮಿನಲ್ಲಿ ಕೈಬಿಟ್ಟುಹೋಗಿದೆ. ಇಷ್ಟು ರಿಯಾಯಿತಿ ಕೊಟ್ಟ ಮೇಲೂ ತಾವು ಮನಸ್ಸು ಮಾಡಲಿಲ್ಲವಲ್ಲ, ತಮ್ಮ ವೈರಾಗ್ಯ ದೊಡ್ಡದು.

ತಮ್ಮ ಎಡಗಡೆಯ ಗೋಡೆಯ ಮೇಲೆ ಆ ಹನ್ನೊಂದು ಕಟ್ಟಳೆಗಳನ್ನು ಯಾರೋ ಕಲಾವಿದರು ನೀಲಿ ಬಣ್ಣದಲ್ಲಿ ಅಂದವಾಗಿ ಬರೆದಿದ್ದಾರೆ. ಅವನ್ನು ಪ್ರತಿ ಠಾಣೆಯಲ್ಲೂ ಕಾಣುವಂತೆ ಹಾಕಬೇಕೆಂದು ಕೋರ್ಟೇ ಹೇಳಿತ್ತು, ಆ ಆಜ್ಞೆ ತಪ್ಪದೆ ಪಾಲನೆಯಾಗಿದೆ. ಹನ್ನೊಂದನೆಯ ಸಾಲು ಕೆಳಗೆ ಇಳಿದು ಕಬ್ಬಿಣದ ಕಪಾಟಿನ ಹಿಂದೆ ಹೋಗಿದೆ. ಬಗ್ಗಿ ನೋಡಿದರೆ ‘ನೋಟಿಸ್’ ಎಂಬಷ್ಟು ಕಾಣುತ್ತದೆ.

ಕಳೆದ ಕಬ್ಬಿನ ಹಂಗಾಮಿನಲ್ಲಿ ತಾಂಡಾದ ಒಬ್ಬ ತಾಯಿ ತಮ್ಮ ಮುಂದೆ ಕುಳಿತಿದ್ದಳು, ನೆನಪಿರಬಹುದು. ಮಗನನ್ನು ರಾತ್ರಿ ಜೀಪಿನಲ್ಲಿ ಕರೆದೊಯ್ದಿದ್ದರು. ಯಾವ ಠಾಣೆಯ ಜೀಪು ಎಂಬುದು ಆಕೆಗೆ ತಿಳಿದಿರಲಿಲ್ಲ. ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಜ್ವಾರಿ ರೊಟ್ಟಿ, ಶೇಂಗಾ ಹಿಂಡಿ. ಟೇಬಲ್ಲಿನವರು ಕೇಳಿದ ಮೊದಲ ಪ್ರಶ್ನೆ, “ನೀವು ಯಾರ ಪೈಕಿ?” ಎರಡನೆಯ ಮಾತು, “ಅರೆಸ್ಟ್ ಮಾಡಿಲ್ಲವ್ವಾ, ವಿಚಾರಣೆಗೆ ಕರಕೊಂಡು ಬಂದಿರ್ತಾರ.” ಎಲ್ಲಿಗೆ? “ಸಾಹೇಬ್ರು ಬಂದೋಬಸ್ತಿಗೆ ಹೋಗ್ಯಾರ, ಸಂಜಿಮುಂದ ಬಾ.” ಬಂಧನ ಎಂದು ಬರೆದರೆ 24 ಗಂಟೆಯ ಗಡಿಯಾರ ಓಡತೊಡಗುತ್ತದೆ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾಗುತ್ತದೆ, ಬಂಧುಗಳಿಗೆ ತಿಳಿಸಿದ್ದನ್ನು ಪುಸ್ತಕದಲ್ಲಿ ದಾಖಲಿಸಬೇಕಾಗುತ್ತದೆ. ‘ವಿಚಾರಣೆ’ಗೆ ಗಡಿಯಾರವಿಲ್ಲ. ತಾವು ಖಾಲಿ ಇರುವುದರ ಗುಟ್ಟು ನನಗೆ ಅಂದು ಹೊಳೆಯಿತು. ಆಕೆಗೆ ಓದಲು ಬರುತ್ತಿರಲಿಲ್ಲ ನಿಜ. ಆದರೆ ಅಲ್ಲಿ ಓದಲು ಬರುವ ನಾವು ನಾಲ್ಕಾರು ಜನ ಇದ್ದೆವು, ಹೆಸರಿದ್ದರೆ ಓದಿ ಹೇಳುತ್ತಿದ್ದೆವು. ಮಗ ಸಿಗದಿದ್ದರೆ ಮುಂದಿನ ದಾರಿ ಹೇಬಿಯಸ್ ಕಾರ್ಪಸ್ ಎಂದು ಒಬ್ಬ ಕರಿಕೋಟಿನವರು ಆಕೆಗೆ ತಿಳಿಹೇಳಿದರು. ಅದಕ್ಕೆ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬೇಕು. ಹಾಳೆಯೊಂದು ಮಾಡಬಹುದಾದ ಕೆಲಸಕ್ಕೆ ಹೈಕೋರ್ಟು!

ಹಾಗೆಂದು ಇಲಾಖೆ ಮಾತೇ ಆಡುವುದಿಲ್ಲ ಎಂದರೆ ನಾಲಿಗೆ ಹುಳಬಿದ್ದೀತು. ಪತ್ರಿಕಾಗೋಷ್ಠಿಯ ದಿನ ನೋಡಬೇಕು. ಉದ್ದ ಟೇಬಲ್ಲು, ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಸಾಲಾಗಿ ಜೋಡಿಸಿದ ಬಂಗಾರ, ನೋಟಿನ ಕಂತೆ, ಮೊಬೈಲು. ಅಂಗಳದಲ್ಲಿ ಬೈಕುಗಳ ಸಾಲು. ಹಿಂದೆ ಸಿಬ್ಬಂದಿ, ಅವರ ನಡುವೆ ಮುಖಕ್ಕೆ ಬಟ್ಟೆ ಸುತ್ತಿದ ಆರೋಪಿಗಳು. ಹೆಸರು, ವಯಸ್ಸು, ಊರು, ಓಣಿ ಸಹಿತ ವಿವರ ಸಂಜೆಯೊಳಗೆ ವಾಟ್ಸ್‌ಆ್ಯಪಿನಲ್ಲಿ ಊರೆಲ್ಲ ಸುತ್ತುತ್ತದೆ. ರಾತ್ರಿ ಟಿವಿಯವರಿಗೆ ಜಿಲ್ಲೆಯ ಯಾವ ಮೂಲೆಯ ಜಗಳವೂ ‘ಭೀಮಾತೀರ’ವೇ, ಡೋಣಿ ದಂಡೆಯಲ್ಲಿ ನಡೆದರೂ ಸರಿ. ಆರೋಪಿಗಳ ಬಗ್ಗೆ ಪೊಲೀಸರು ಮಾಧ್ಯಮಕ್ಕೆ ಏನು ಹೇಳಬೇಕು, ಏನು ಹೇಳಬಾರದು ಎಂದು ಕೈಪಿಡಿ ಮಾಡಿರೆಂದು ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಬೇಕಾಯಿತು. ಹೇಳಬೇಕಾದ ಕಡೆ ಮೌನ, ತಡೆಯಬೇಕಾದ ಕಡೆ ಡಂಗುರ. ನೋಡುವವರಿಗೆ ಎಲ್ಲ ಗೊತ್ತು, ಹುಡುಕುವ ತಾಯಿಗೆ ಏನೂ ಗೊತ್ತಿಲ್ಲ.

“ಆನ್‌ಲೈನ್ ನೋಡ್ರಿ, ಎಲ್ಲಾ ಐತಿ” ಎಂದೂ ಒಬ್ಬರು ದಯೆತೋರಿದರು. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಎಫ್‌ಐಆರ್‌ಗಳು 24 ಗಂಟೆಯೊಳಗೆ ಜಾಲತಾಣಕ್ಕೆ ಬರಬೇಕು, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು. ಆದರೆ ಎಫ್‌ಐಆರ್ ಹೇಳುವುದು ದೂರು ಯಾರ ಮೇಲಿದೆ ಎಂದು. ಯಾರು ಒಳಗಿದ್ದಾರೆ ಎಂದು ಹೇಳುವವರು ತಾವೊಬ್ಬರೇ. ಇನ್ನು ಮಾಹಿತಿ ಹಕ್ಕು ಇದೆ: ಹತ್ತು ರೂಪಾಯಿ ಶುಲ್ಕ, 30 ದಿನ ಗಡುವು. ಜೀವ, ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ತನಿಖೆಗೆ ಅಡ್ಡಿ ಎಂಬ 8(1)(ಎಚ್) ಕಲಮು ಉತ್ತರವಾಗಿ ಬರಲು ಅಷ್ಟು ಹೊತ್ತು ಕಾಯಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಬಿನ್ನಹ ಆ ಗಡಿಯನ್ನು ಎಂದೋ ದಾಟಿದೆ. ತಿರಸ್ಕರಿಸಲು ತಮಗೆ ಕಾರಣವನ್ನೂ ನಾನೇ ಒದಗಿಸಿದಂತಾಯಿತು.

ತಪ್ಪು ತಿಳಿಯಬೇಡಿ. ನೆರೆಮನೆಯವನ ಮರ್ಯಾದೆ ತೆಗೆಯುವ ಪಟ್ಟಿಯನ್ನು ನಾನು ಬೇಡುತ್ತಿಲ್ಲ. ಬಂಧಿತನಾದವನು ಅಪರಾಧಿಯಲ್ಲ. ಅಮೆರಿಕದಲ್ಲಿ ಬಂಧಿತರ ಫೋಟೊಗಳನ್ನು ಅಂತರ್ಜಾಲಕ್ಕೆ ಏರಿಸಿ, ತೆಗೆಯಲು ಅವರಿಂದಲೇ ದುಡ್ಡು ಕೇಳುವ ದಂಧೆ ಹುಟ್ಟಿ, ಹಲವು ರಾಜ್ಯಗಳು ಅದರ ವಿರುದ್ಧ ಕಾಯ್ದೆ ಮಾಡಬೇಕಾಯಿತು. ಆ ವೈಭವ ನಮಗೆ ಬೇಡ. ಮಕ್ಕಳ ಹೆಸರು ಬೇಡ, ಸಂತ್ರಸ್ತೆಯರ ಗುರುತು ಸಿಗುವಂಥದ್ದು ಬೇಡ, ಫೋಟೊ ಬೇಡವೇ ಬೇಡ. ಇವತ್ತು ಒಳಗಿರುವವರ ಹೆಸರು, ಊರು, ಕಲಮು, ಎಲ್ಲಿ ಇಟ್ಟಿದ್ದಾರೆ ಎಂಬುದು, ಇಷ್ಟಿದ್ದರೆ ಸಾಕು. ಕೋರ್ಟಿಗೆ ಹಾಜರಾದ ಮೇಲೆ ಆ ಹಾಳೆ ಕೆಳಗಿಳಿಯಲಿ.

ಆದ್ದರಿಂದ ತಮ್ಮ ಪಾದಾರವಿಂದಗಳಲ್ಲಿ, ಅಂದರೆ ಗೋಡೆಯ ಆ ಎರಡು ಮೊಳೆಗಳಲ್ಲಿ, ಬೇಡಿಕೊಳ್ಳುವುದೇನೆಂದರೆ: ಕೀಲಿಕೈ ಹುಡುಕಿಸಿಕೊಳ್ಳಿ. ಗಣಪ್ಪನ ಸಭೆಯ ಕರೆಯನ್ನು ಬೀಳ್ಕೊಡಿ. ತಮ್ಮ ಜವಾಬ್ದಾರಿ ಹೊತ್ತ ಎಎಸ್‌ಐ ಯಾರೆಂದು ಅವರ ಹೆಸರನ್ನೇ ಮೊದಲು ಬರೆಸಿಕೊಳ್ಳಿ. ಬಂಧಿತರು ಯಾರೂ ಇಲ್ಲದ ದಿನ ‘ಇಂದು ಯಾರೂ ಇಲ್ಲ’ ಎಂದು ಬರೆದು ಸಹಿ, ತಾರೀಕು ಹಾಕಿಸಿ. ಆ ಸಹಿ ಹಾಕುವ ಧೈರ್ಯ ಯಾರಿಗಿದೆ ಎಂಬುದೂ ತಿಳಿಯಲಿ.

ಓದುಗರಲ್ಲಿಯೂ ಒಂದು ಮಾತು. ಪಾಸ್‌ಪೋರ್ಟ್ ಪರಿಶೀಲನೆಗೋ ಕಳೆದ ಮೊಬೈಲಿನ ದೂರಿಗೋ ತಮ್ಮ ಊರಿನ ಠಾಣೆಗೆ ಹೋದಾಗ ಈ ಸಾಹೇಬರ ಮುಂದೆ ಒಂದು ನಿಮಿಷ ನಿಲ್ಲಿ. 37ನೇ ಕಲಮಿನ ಹಾಳೆ ಕಾಣದಿದ್ದರೆ, ಅದರ ಎಎಸ್‌ಐ ಯಾರು ಎಂದು ಟೇಬಲ್ಲಿನವರನ್ನು ಕೇಳಿ. “ನೀವು ಯಾರ ಪೈಕಿ?” ಎಂದರೆ, ಯಾರ ಪೈಕಿಯೂ ಅಲ್ಲ ಎನ್ನಿ.